ಬಸ್ಸಲ್ಲಿ ಐದು, ಶಾಲೆಲಿ ಆರು

“ಎಷ್ಟ ವರ್ಷ ಆದ್ವೋ ತಮ್ಮಾ ನಿನಗ?” ಕಂಡಕ್ಟರ್ ಕೇಳಿದ್ದು ಇಷ್ಟೇ.

“ಬಸ್ಸಲ್ಲಿ ಐದು, ಶಾಲೆಲಿ ಆರು” ಅಂದ ನಮ್ಮನೆ ಮಾಣಿ, ನನ್ನ ಮಗ.

2025ರ ಅಕ್ಟೋಬರಿನ ಒಂದು ಭಾನುವಾರ, ಶಿರಸಿಯಿಂದ ಹುಬ್ಬಳ್ಳಿಗೆ ಹೋಗುವ ಬೆಳಗಿನ ಬಸ್ಸು. ಅರ್ಧ ನಿದ್ದೆಯಲ್ಲಿದ್ದವರೆಲ್ಲ ಎದ್ದು ಕೂತು ನಕ್ಕರು. ಹಿಂದಿನ ಸೀಟಿನ ಹೆಂಗಸೊಬ್ಬರು ಪಕ್ಕದವರಿಗೆ ಇನ್ನೊಮ್ಮೆ ಹೇಳಿ ಮತ್ತೆ ನಕ್ಕರು. ನಾನು ಕಿಟಕಿಯ ಕಡೆ ನೋಡಿದೆ. ಕಂಡಕ್ಟರ್ ಹುಬ್ಬಳ್ಳಿ ಕಡೆಯವ, ಒಳ್ಳೆ ಮನುಷ್ಯ. “ಶಾಲಿ ಲೆಕ್ಕಾನ ಹಿಡಿಯೂಣ್ರಿ ಸರ್” ಎಂದು ಮೆಷಿನ್ನಿನಿಂದ ಅರ್ಧ ಟಿಕೆಟ್ ಹರಿದು ಕೊಟ್ಟ.

ದಸರಾ ರಜೆ ಮುಗಿಯಿತು ಅನ್ನುವಷ್ಟರಲ್ಲಿ ಮೇಷ್ಟ್ರುಗಳೆಲ್ಲ ಜಾತಿ ಸಮೀಕ್ಷೆಗೆ ಹೋಗಿ, ರಜೆ ಅಕ್ಟೋಬರ್ 18ರವರೆಗೆ ಉದ್ದ ಆಗಿತ್ತು. ಮನೆಯಲ್ಲಿ ಮಾಣಿಯನ್ನು ಹಿಡಿಯುವವರಿಲ್ಲ. ಭಾವ ಫೋನ್ ಮಾಡಿ, ಹುಬ್ಬಳ್ಳಿ ಕಡೆ ಒಂದು ಪಾರ್ಕಿದೆ, ನೀರಾಟ, ರೈಲು, ತೊಟ್ಟಿಲು ಎಲ್ಲ ಇದೆ, ಹೋಗೋಣ ಅಂದ. ಪಾರ್ಕಿನ ಹೆಸರು ಬೇಡ. ಅವರದೇನೂ ತಪ್ಪಿಲ್ಲ, ತಪ್ಪೆಲ್ಲ ನಮ್ಮದೇ.

ಮಾಣಿಗೆ ಆರು ತುಂಬಿದ್ದು ಅದರ ಹಿಂದಿನ ತಿಂಗಳು. ಬಸ್ಸಿನಲ್ಲಿ ಆರರ ಒಳಗೆ ಟಿಕೆಟ್ ಇಲ್ಲ, ಆರು ತುಂಬಿದರೆ ಹನ್ನೆರಡರವರೆಗೆ ಅರ್ಧ. ಆಯಿ (ನನ್ನಮ್ಮ), ನನ್ನ ಹೆಂಡತಿ, ಅಕ್ಕ ಮೂವರೂ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ತಗೊಂಡರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆ ಬಸ್ಸಿನಲ್ಲಿ ದುಡ್ಡು ಎಣಿಸುವವರು ಗಂಡಸರು ಮಾತ್ರ. ಹಾಗಾಗಿ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ನಾನು ಮಾಣಿಯ ಕಿವಿಯಲ್ಲಿ, “ಕೇಳಿದ್ರೆ ಐದು ಹೇಳು” ಅಂದಿದ್ದೆ. ಆ ಅರ್ಧ ಟಿಕೆಟಿನ ದುಡ್ಡು ಉಳಿಸಿ ನಾನೇನೂ ಅಡಿಕೆ ತೋಟ ತಗೊಳ್ಳುವವನಲ್ಲ. ಆದರೂ ಹೇಳಿದೆ. ನನ್ನಪ್ಪ ನನಗೆ ಹೇಳಿದ್ದ, ಅದೇ ಬಾಯಿಗೆ ಬಂತು. “ಶಾಲೆಲಿ ಆರು ಹೇಳಿದ್ಯಲಾ?” ಎಂದು ಮಾಣಿ ಆಗಲೇ ಕೇಳಿದ್ದ. “ಅದು ಶಾಲೆಲಿ, ಇದು ಬಸ್ಸಲ್ಲಿ” ಅಂದಿದ್ದೆ. ಪಾಪ, ಹೇಳಿಕೊಟ್ಟ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದ.

ಪಾರ್ಕಿನಲ್ಲಿ ವಯಸ್ಸು ಕೇಳುವುದಿಲ್ಲ. ನಮ್ಮಂಥವರನ್ನು ನೋಡಿ ನೋಡಿ ಅವರಿಗೆ ಸಾಕಾಗಿದೆ. ಕೌಂಟರಿನ ಪಕ್ಕದ ಗೋಡೆಗೆ ಅಳತೆಪಟ್ಟಿ ಬರೆದಿಟ್ಟಿದ್ದಾರೆ. 110 ಸೆಂಟಿಮೀಟರಿನಲ್ಲಿ ಒಂದು ಕೆಂಪು ಗೀಟು. ಅದರ ಕೆಳಗಿದ್ದರೆ ಅರ್ಧ ದುಡ್ಡು, ಮೇಲಿದ್ದರೆ ಪೂರ್ತಿ. ಭಾವ ದೂರದಿಂದಲೇ ಲೆಕ್ಕ ಹಾಕಿದ. ಮಾಣಿಯ ಚಪ್ಪಲಿ ಬಿಚ್ಚಿಸಿದ, ಎದ್ದು ನಿಂತ ಕೂದಲನ್ನು ಬಾಟಲಿ ನೀರು ಹಚ್ಚಿ ಒತ್ತಿದ. “ಮೊಣಕಾಲು ಚೂರು ಬಗ್ಸು. ರಾಶಿ ಬಗ್ಸಡ, ಗೊತ್ತಾಗ್ತು” ಎಂದು ತಾನೇ ಬಗ್ಗಿ ತೋರಿಸಿದ. ಐವತ್ತೆರಡು ವರ್ಷದ ಗಂಡಸು, ಪಂಚಾಯ್ತಿಗೆ ಎರಡು ಸಲ ನಿಂತವನು, ಗೇಟಿನ ಎದುರು ಮೊಣಕಾಲು ಬಗ್ಗಿಸಿ ನಿಂತಿದ್ದ.

ಕೌಂಟರಿನ ಹುಡುಗಿ ಹೊರಗೆ ಬಂದಳು. “ನೆಟ್ಟಗೆ ನಿಂತ್ಕೊಳ್ಳೋ ಪುಟ್ಟಾ” ಎಂದು ಅವನ ಮೊಣಕಾಲಿಗೆ ಮೆಲ್ಲಗೆ ತಟ್ಟಿದಳು. 112. ಪೂರ್ತಿ ಟಿಕೆಟ್.

ಭಾವ ಒಂದು ತಾಸು ಗೊಣಗಿದ. ಅವನ ಸ್ವಭಾವವೇ ಹಾಗೆ. ಒಂದು ತೆಂಗಿನಕಾಯಿಗೆ ಐದು ರೂಪಾಯಿ ಜಾಸ್ತಿ ಅಂತ ಸಂತೆಯಿಡೀ ಸುತ್ತುತ್ತಾನೆ. ಒಳಗೆ ಹೋದ ಮೇಲೆ ಅದೇ ಮಾಣಿಗೆ ಐಸ್ ಕ್ರೀಂ, ಕನ್ನಡಕ, ಬಾತುಕೋಳಿ ಟ್ಯೂಬು ಎಂದು ಟಿಕೆಟಿನ ಎರಡರಷ್ಟು ಖರ್ಚು ಮಾಡಿದ, ಒಂದು ಮಾತಾಡದೆ. ನನಗಿಂತ ದೊಡ್ಡ ಕೈ ಅವನದು. ಅದನ್ನೂ ಹೇಳಬೇಕಲ್ವಾ.

ನೀರಿಗೆ ಇಳಿಯಲು ನೈಲಾನ್ ಬಟ್ಟೆಯೇ ಬೇಕು. ಹತ್ತಿ ಬಟ್ಟೆಯ ನೂಲು ಬಿಟ್ಟುಕೊಂಡು ಫಿಲ್ಟರಿಗೆ ಸಿಕ್ಕುತ್ತದಂತೆ. ಬಾಡಿಗೆಗೆ ಕೊಡುತ್ತಾರೆ. ಆಯಿ ಒಪ್ಪಲಿಲ್ಲ, ಹತ್ತಿ ಸೀರೆಯಲ್ಲೇ ನೆರಳಿನ ಬೆಂಚಿನಲ್ಲಿ ಕೂತಳು. “ದುಡ್ ಕೊಟ್ಟು ಒದ್ದೆ ಆಪ್ಪದು ಎಂತಕ್ಕೆ? ನಮ್ಮಲ್ಲಿ ಮಳೆಗಾಲ ಇಲ್ಯಾ?” ಜೂನಿನಿಂದ ಸೆಪ್ಟೆಂಬರ್ ತನಕ ಕೊಡೆ ಕೆಳಗಿಡದ ಊರಿನವಳು ಇನ್ನೇನು ಹೇಳಬೇಕು? ಮಧ್ಯಾಹ್ನದವರೆಗೆ ನೀರಾಟ ಚೆನ್ನಾಗಿಯೇ ಆಯಿತು. ಅದರಲ್ಲಿ ಹೇಳುವಂಥದ್ದೇನಿಲ್ಲ.

ಊಟದ ಮೇಲೆ ರೈಲು. ಅಂಕುಡೊಂಕು ಹಳಿಯ ಮೇಲೆ ಗರ್ರನೆ ಸುತ್ತುವ, ಮುಂದೆ ಡ್ರ್ಯಾಗನ್ ಮುಖ ಇರುವ ರೈಲು. ಅಲ್ಲಿ ಇನ್ನೊಂದು ಅಳತೆಪಟ್ಟಿ, ಇನ್ನೊಂದು ಗೀಟು: 115. ಕೆಳಗಿದ್ದವರನ್ನು ಹತ್ತಿಸುವುದಿಲ್ಲ. ಭಾವ ಮತ್ತೆ ಮುಂದೆ ಬಂದ. ಬೆಳಿಗ್ಗೆ ಒತ್ತಿದ ಕೂದಲನ್ನು ಈಗ ಬೆರಳಾಡಿಸಿ ಎಬ್ಬಿಸಿದ. “ತುದಿಗಾಲಲ್ಲಿ ನಿಲ್ಲು. ಎದೆ ಎತ್ತು. ನೀನು ದೊಡ್ಡ ಮಾಣಿ ಅಲ್ದಾ?”

ಮಾಣಿ ನಿಲ್ಲಲಿಲ್ಲ. ಗೋಡೆ ನೋಡಿದ, ಭಾವನನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

“ಅಪ್ಪಾ, ಈಗ ಆನು ಸಣ್ಣ ಮಾಣಿನಾ, ದೊಡ್ಡ ಮಾಣಿನಾ?”

ಹಠ ಇರಲಿಲ್ಲ, ತಮಾಷೆಯೂ ಇರಲಿಲ್ಲ. ಪರೀಕ್ಷೆಯಲ್ಲಿ ಪೆನ್ನಲ್ಲಿ ಬರೆಯಬೇಕಾ ಪೆನ್ಸಿಲ್ಲಿನಲ್ಲಾ ಎಂದು ಮೇಷ್ಟ್ರನ್ನು ಕೇಳಿದ ಹಾಗೆ ಕೇಳಿದ. ಯಾವುದು ಬೇಕೋ ಹೇಳಿ, ಅದಾಗುತ್ತೇನೆ ಎನ್ನುವ ಹಾಗೆ. ನನ್ನ ಬಾಯಿಂದ ಒಂದು ಮಾತು ಬರಲಿಲ್ಲ. ಭಾವ ಮಾತ್ರ, “ಈಗ ದೊಡ್ಡ, ಈಗ ದೊಡ್ಡ” ಎಂದು ಅವಸರ ಮಾಡಿದ.

ರೈಲಿನ ಹುಡುಗನಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ. ಕೊರಳಲ್ಲಿ ಸೀಟಿ. ಭಾವ ಅವನಿಗೂ ಒಂದು ವಾದ ಹೂಡಿದ. ಮನುಷ್ಯ ಬೆಳಿಗ್ಗೆ ಏಳುವಾಗ ಒಂದು ಸೆಂಟಿಮೀಟರಿನಷ್ಟು ಹೆಚ್ಚು ಎತ್ತರ ಇರುತ್ತಾನೆ, ಸಂಜೆಯಾಗುತ್ತ ಬೆನ್ನುಮೂಳೆಯ ಮಧ್ಯದ ಮೆತ್ತೆಗಳು ಕುಗ್ಗಿ ಗಿಡ್ಡ ಆಗುತ್ತಾನೆ, ಬೆಳಿಗ್ಗೆಯೇ ಬಂದಿದ್ದರೆ ಅಳತೆ ಸರಿಯಾಗುತ್ತಿತ್ತು ಎಂದು. ಮಾತು ನಿಜವೇ. ಆದರೂ ಎರಡು ಸೆಂಟಿಮೀಟರ್ ಸಾಲ ಉಳಿಯುತ್ತಿತ್ತು. ಹುಡುಗ ಸಿಟ್ಟಾಗಲಿಲ್ಲ. ಖಾಲಿ ಸೀಟಿನ ಕಬ್ಬಿಣದ ಬಾರನ್ನು ಎಳೆದು ಕೂರಿಸಿ, ಅದರ ಕೆಳಗೆ ತನ್ನ ಮುಂಗೈ ಸಲೀಸಾಗಿ ಆಚೀಚೆ ಆಡಿಸಿ ತೋರಿಸಿದ. “ಇಷ್ಟು ಜಾಗ ಉಳಿಯುತ್ತೆ ಅಂಕಲ್. ತಿರುವಲ್ಲಿ ಮಗು ಇಲ್ಲಿಂದ ಜಾರುತ್ತೆ.” ಆ ಕೈ ನೋಡಿ ನನಗೆ ಬೆನ್ನು ತಣ್ಣಗಾಯಿತು. ತುದಿಗಾಲಲ್ಲಿ ನಿಂತು ಗಳಿಸುವ ಮೂರು ಸೆಂಟಿಮೀಟರ್ ಸೀಟಿನಲ್ಲಿ ಕೂತ ಕೂಡಲೇ ಇರುವುದಿಲ್ಲ ಎನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಸಮಾಧಾನಕ್ಕೆ ಪಕ್ಕದ ಆನೆ ಆಟಕ್ಕೆ ಕರಕೊಂಡು ಹೋದೆವು. “ಇದು ಸಣ್ಣ ಮಕ್ಕಳಿಗೆ ಸರ್, ಇವನು ದೊಡ್ಡವನಾದ” ಅಂದರು ಅಲ್ಲಿಯವರು. ಮಾಣಿ ನನ್ನ ಮುಖ ನೋಡಿದ. ಈ ಸಲ ಏನೂ ಕೇಳಲಿಲ್ಲ.

ವಾಪಸ್ ಬರುವಾಗ ತಡಸ ದಾಟುವ ಮೊದಲೇ ಅವನಿಗೆ ನಿದ್ದೆ. ನನಗೆ ಬರಲಿಲ್ಲ. ತಂಗಿ ಆಟಿಕೆ ಕಸಿದರೆ “ಬಿಡು, ನೀನು ದೊಡ್ಡವ” ಅನ್ನುತ್ತೇವೆ. ಅಡಿಕೆ ರೇಟಿನ ಮಾತು ಬಂದಾಗ ಬಾಯಿ ಹಾಕಿದರೆ “ಸುಮ್ನಿರು, ನೀನು ಸಣ್ಣವ”. ಬಿದ್ದು ಅತ್ತರೆ ದೊಡ್ಡವ, ಕತ್ತಿ ಮುಟ್ಟಿದರೆ ಸಣ್ಣವ. ಸರ್ಕಾರವೂ ನಮ್ಮ ಹಾಗೇ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅಂದರು. ಆಮೇಲೆ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಾದರೂ ಸಾಕು ಅಂದರು. ಆ ಸಡಿಲಿಕೆ ಸಿಕ್ಕಿದ್ದಕ್ಕೇ ನಮ್ಮವ ಆ ವರ್ಷ ಒಂದನೇ ಕ್ಲಾಸು. ಮಾರ್ಚಿನಲ್ಲಿ ಸಣ್ಣವನಾಗಿದ್ದವನು ಏಪ್ರಿಲಿನಲ್ಲಿ ದೊಡ್ಡವನಾಗಿಬಿಟ್ಟ. ಆ ದಿನ ನಾನೇ ಖುಷಿಯಿಂದ, “ಶಾಲೆಲಿ ಕೇಳಿದ್ರೆ ಆರು ಹೇಳು, ನಡಿತು” ಅಂದಿದ್ದೆ. ಆರು ತುಂಬಲು ಇನ್ನೂ ತಿಂಗಳುಗಳಿದ್ದವು.

ನನ್ನಪ್ಪನ ಕಾಲದಲ್ಲಿ ಇಷ್ಟೂ ಇರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿದರೆ ಶಾಲೆಗೆ ಸೇರಿಸಿಕೊಂಡರು, ಇಲ್ಲದಿದ್ದರೆ ಮುಂದಿನ ವರ್ಷ ಬಾ. ಅಪ್ಪನ ಕೈ ಉದ್ದ, ಮುಟ್ಟಿಬಿಟ್ಟ. ಮಾಸ್ತರರು ಹುಟ್ಟಿದ ದಿನ ಜೂನ್ 1 ಎಂದು ಬರೆದರು. ಅವನ ಓರಗೆಯವರಲ್ಲಿ ಅರ್ಧ ಜನರ ಹುಟ್ಟುಹಬ್ಬ ಜೂನ್ 1ಕ್ಕೇ ಬರುತ್ತದೆ. ಆಯಿಯ ಲೆಕ್ಕದಲ್ಲಿ ಅಪ್ಪನಿಗೆ ಈಗ 66, ದಾಖಲೆಯಲ್ಲಿ 68. ಬಸ್ಸಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಕೇಳುವಾಗ ದಾಖಲೆಯ ವಯಸ್ಸು ತೋರಿಸುತ್ತಾನೆ. ಅಡಿಕೆ ಕೊಯ್ಯುವ ದೋಟಿ ಹಿಡಿಯಬೇಡ, ಜನ ಕರೆಯೋಣ ಅಂದರೆ “ನಂಗೆಂತ ವಯಸ್ಸಾಜು?” ಎಂದು ಬೈಯುತ್ತಾನೆ.

ನಾನು ಇದನ್ನು ಹೆಂಡತಿಗೆ ಹೇಳಿದೆ. “ನಿಮ್ಮನೆಲಿ ಎಲ್ಲರೂ ಬಸ್ಸಿಗೊಂದು ಶಾಲೆಗೊಂದು” ಎಂದು ಕಣ್ಣು ಮುಚ್ಚಿಕೊಂಡಳು. ಅವಳದೂ ಜೂನ್ ತಿಂಗಳೇ, ಆದರೆ ನಿಜವಾದ ಜೂನ್.

ಸೋಮವಾರ ಬೆಳಿಗ್ಗೆ ನನಗೊಂದು ಹುಚ್ಚು ಬಂತು. ಭಾವ ಹೇಳಿದ ಒಂದು ಸೆಂಟಿಮೀಟರ್ ಹೌದೋ ಅಲ್ಲವೋ ನೋಡಿಬಿಡೋಣ, ಈಗೊಮ್ಮೆ ಸಂಜೆಗೊಮ್ಮೆ ಅಳೆಯೋಣ ಎಂದು. ಹೊಲಿಗೆ ಮೆಷಿನ್ನಿನ ಡ್ರಾವರಿನಿಂದ ಟೇಪು ತಂದೆ. ಮಾಣಿ ಇನ್ನೂ ಹಾಸಿಗೆಯಿಂದ ಎದ್ದ ಮುಖದಲ್ಲೇ ಇದ್ದ. ಜಗಲಿಯ ಕಂಬಕ್ಕೆ ಬೆನ್ನು ಕೊಡು ಅಂದೆ. ಕೊಟ್ಟ. ಹಿಮ್ಮಡಿ ಕೂಡಿಸಿದ, ಗದ್ದ ಎತ್ತಿದ. ನಾನು ಪೆನ್ಸಿಲ್ ಹಿಡಿದು ಬಗ್ಗುವಷ್ಟರಲ್ಲಿ ಕೇಳಿದ:

“ಎಷ್ಟು ಬೇಕು ಅಪ್ಪಾ?”