ಉಲ್ಲನ್ ಎಂದು ಕೊಟ್ಟದ್ದೆಲ್ಲ ಉಣ್ಣೆಯಲ್ಲ

ಚಿಕ್ಕಪೇಟೆಯಲ್ಲಾಗಲಿ, ಕಮರ್ಷಿಯಲ್ ಸ್ಟ್ರೀಟ್‌ನಲ್ಲಾಗಲಿ "ಉಲ್ಲನ್ ತೋರಿಸಿ" ಅಂದರೆ ಅಂಗಡಿಯವರು ಮುಂದಿಡುವುದು ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲಿನದು. ಅವರು ಮೋಸ ಮಾಡುತ್ತಾರೆ ಎಂದಲ್ಲ. ಬೆಂಗಳೂರಿನ ಮಾತಿನಲ್ಲಿ ಉಲ್ಲನ್ ಅಂದರೆ ಬೆಚ್ಚಗಿರುವ, ಸ್ವಲ್ಪ ಜುಂಗು ಜುಂಗಾಗಿರುವ ಯಾವ ಬಟ್ಟೆಯೂ ಆಗುತ್ತದೆ. ಬಾಗಿಲ ತೋರಣ ಹೆಣೆಯುವ ಉಲ್ಲನ್ ದಾರದ ಉಂಡೆಯ ಚೀಟಿ ತಿರುಗಿಸಿ ನೋಡಿ, ಸಾಮಾನ್ಯವಾಗಿ ಅಕ್ರಿಲಿಕ್ ಎಂದೇ ಬರೆದಿರುತ್ತದೆ. ಮೆಡಿಕಲ್ ಶಾಪಿನ ಕಾಟನ್ ವುಲ್ ಬರೀ ಹತ್ತಿ. ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ವುಲ್ ಉಕ್ಕಿನ ಎಳೆ. ರಗ್ಗು, ಕಂಬಳಿ ಎಂದು ಮನೆಗೆ ಬರುವುದು ಈಗ ಹೆಚ್ಚಾಗಿ ಪಾಲಿಯೆಸ್ಟರ್. ಹಳ್ಳಿ ಕಡೆ ಹೋದರೆ ಉಣ್ಣೆ ಅಂದರೆ ದನದ ಕೆಚ್ಚಲಿಗೆ ಕಚ್ಚಿಕೊಳ್ಳುವ ಹುಳವೂ ಹೌದು; ಕುರಿಯ ಮೈಮೇಲಿನದಕ್ಕೆ ತುಪ್ಪಟ ಅನ್ನುವವರಿದ್ದಾರೆ. ಬಿನ್ನಿಪೇಟೆಗೆ ಹೆಸರು ಕೊಟ್ಟ ಬಿನ್ನಿ ಮಿಲ್ಲಿನ ಕಂಪನಿಯ ಹೆಸರು ಬೆಂಗಳೂರು ವುಲ್ಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂದಿತ್ತು. ಆ ಹೆಸರಿನಲ್ಲಿ ವುಲ್ಲನ್ ಅಂದರೆ ಕುರಿಯ ಉಣ್ಣೆಯೇ.

ಅಕ್ರಿಲಿಕ್ ಕೆಟ್ಟದ್ದೇನಲ್ಲ. ಅಗ್ಗ, ಮೆಷಿನ್ನಿಗೆ ಹಾಕಬಹುದು, ನುಸಿ ತಿನ್ನುವುದಿಲ್ಲ. ಆದರೆ ಒಲೆಯ ಹತ್ತಿರ, ದೀಪದ ಹತ್ತಿರ ಅದನ್ನು ನಂಬಬಾರದು. ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆಗೆ ಬೆಂಕಿ ಹತ್ತುವುದೇ ಕಷ್ಟ, ಹತ್ತಿದರೂ ಬೇಗ ಆರಿಹೋಗುತ್ತದೆ. ಮಕ್ಕಳಿಗೂ ಮನೆಯ ಹಿರಿಯರಿಗೂ ಹೊದಿಕೆ ಕೊಳ್ಳುವಾಗ ಇದೊಂದು ವಿಷಯಕ್ಕಾದರೂ ಯಾವುದು ಯಾವುದೆಂದು ತಿಳಿದಿರಬೇಕು.

ಮುಟ್ಟಿ ಹೇಳುವುದು ಸುಲಭವಲ್ಲ. ಒಳ್ಳೆಯ ಅಕ್ರಿಲಿಕ್ ಮೆರಿನೋ ಕುರಿಯ ನಯವಾದ ಉಣ್ಣೆಯಷ್ಟೇ ಮೆತ್ತಗಿರುತ್ತದೆ, ಅಪ್ಪಟ ಉಣ್ಣೆಯ ಕರಿ ಕಂಬಳಿ ಚುಚ್ಚುತ್ತದೆ. ಎಳೆ ಸುಮಾರು 30 ಮೈಕ್ರಾನ್‌ಗಿಂತ, ಅಂದರೆ 0.03 ಮಿಲಿಮೀಟರಿಗಿಂತ ದಪ್ಪವಾದರೆ ಅದರ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ, ಅದೇ ಆ ಚುಚ್ಚು. ಹಾಗಾಗಿ ಸುಟ್ಟು ನೋಡುವುದೇ ಸರಿ. ಒಳಹೊಲಿಗೆಯ ಕಡೆಯಿಂದ ಎರಡು ಇಂಚು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿಕಡ್ಡಿಯನ್ನು ಪಕ್ಕದಿಂದ ತನ್ನಿ. ಉಣ್ಣೆಯಾದರೆ ಜ್ವಾಲೆಯಿಂದ ಹಿಂದಕ್ಕೆ ಸುರುಳಿಯಾಗುತ್ತದೆ, ಚಟಚಟ ಎಂದು ನಿಧಾನವಾಗಿ ಉರಿಯುತ್ತದೆ, ಕಡ್ಡಿ ತೆಗೆದರೆ ಆರುತ್ತದೆ. ಕೂದಲು ಸುಟ್ಟ ವಾಸನೆ ಬರುತ್ತದೆ, ಯಾಕೆಂದರೆ ಎರಡೂ ಗಂಧಕ ಇರುವ ಕೆರಾಟಿನ್ ಎಂಬ ಪ್ರೋಟೀನೇ. ಉಳಿದ ಕರಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗುತ್ತಾ ಉರಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಕಡ್ಡಿ ತೆಗೆದರೂ ಉರಿಯುತ್ತಲೇ ಇರುತ್ತದೆ, ಕೊನೆಗೆ ಉಗುರಿಗೂ ಬಗ್ಗದ ಕರಿಮಣಿಯಂಥ ಗಟ್ಟಿ ಉಳಿಯುತ್ತದೆ. ಹತ್ತಿ ಮತ್ತು ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಕಾಗದದ ಹಾಗೆ ಉರಿದು ಬೂದಿಯಾಗುತ್ತವೆ. ಪಶ್ಮಿನಾ ಹೆಸರಿನ ಅಗ್ಗದ ಶಾಲುಗಳು ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲೇ.

ಈ ಪರೀಕ್ಷೆಗೆ ಒಂದು ಕೊರತೆ ಇದೆ. ಮೂರರಲ್ಲಿ ಒಂದು ಪಾಲು ಉಣ್ಣೆ ಬೆರೆಸಿದ್ದರೂ ಕೂದಲಿನ ವಾಸನೆ ಬರುತ್ತದೆ. ಮಿಶ್ರಣದ ಅನುಮಾನವಿದ್ದರೆ ಎಳೆಯನ್ನು ಗಾಜಿನ ಬಟ್ಟಲಲ್ಲಿ ಎರಡು ಚಮಚ ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿ ರಾತ್ರಿ ಬಿಡಿ. ಸೋಡಿಯಂ ಹೈಪೋಕ್ಲೋರೈಟ್ ಇರುವ ಬಟ್ಟೆ ಬಿಳಿಚುವ ದ್ರಾವಣ ಯಾವುದಾದರೂ ಸರಿ. ಉಣ್ಣೆ ಪೂರ್ತಿ ಕರಗಿ ಮಾಯವಾಗುತ್ತದೆ. ಬೆಳಗ್ಗೆ ಏನಾದರೂ ಉಳಿದಿದ್ದರೆ ಅದು ಬೆರಕೆ. ಬಾಟಲಿ ಹಳೆಯದಾದರೆ ದ್ರಾವಣದ ಸತ್ವ ಇಳಿದಿರುತ್ತದೆ, ಆಗ ಅಪ್ಪಟ ಉಣ್ಣೆಯೂ ಕರಗದೆ ದಾರಿ ತಪ್ಪಿಸುತ್ತದೆ. ನಿಮ್ಮದೇ ಒಂದು ಕೂದಲನ್ನು ಜೊತೆಗೆ ಹಾಕಿಡಿ. ಅದೂ ಕರಗದಿದ್ದರೆ ದ್ರಾವಣವೇ ಸರಿಯಿಲ್ಲ. ಕಿಟಕಿ ತೆರೆದಿರಲಿ. ವಿನೆಗರ್, ಟಾಯ್ಲೆಟ್ ಕ್ಲೀನರ್ ಯಾವುದೂ ಇದಕ್ಕೆ ಸೇರಬಾರದು, ವಿಷಾನಿಲ ಬರುತ್ತದೆ. ಬ್ಲೀಚ್ ಉಣ್ಣೆಬಟ್ಟೆಯ ಹತ್ತಿರವೂ ಸುಳಿಯಬಾರದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಿಜವಾದ ಕರಿ ಕಂಬಳಿ ಬೇಕಿದ್ದರೆ ಚಳ್ಳಕೆರೆ, ರಾಣೆಬೆನ್ನೂರಿನ ಹತ್ತಿರದ ಮೇಡ್ಲೇರಿ ಕಡೆಯದನ್ನು ವಿಚಾರಿಸಿ. ಒರಟು ಉಣ್ಣೆ, ಗುಂಡಿಮಗ್ಗದ ನೇಯ್ಗೆ. ಹೊಸದರಲ್ಲಿ ಹಪ್ಪಳದಂತೆ ಬಿರುಸಾಗಿರುವುದು ಹುಣಸೆಬೀಜದ ಗಂಜಿಯಿಂದ. ಉದ್ದಕ್ಕೆ ಬಿಗಿದು ಕಟ್ಟುವ ಹಾಸುನೂಲು ಮಗ್ಗದಲ್ಲಿ ಹರಿಯದಿರಲೆಂದು ಹಚ್ಚಿರುತ್ತಾರೆ. ಇದನ್ನು ದೋಷ ಎಂದುಕೊಳ್ಳಬೇಡಿ, ಬಳಸುತ್ತಾ ಮೆತ್ತಗಾಗುತ್ತದೆ. ಒಂದು ಮೂಲೆಯನ್ನು ಬಿಳಿ ಬಟ್ಟೆಯಲ್ಲಿ ಒದ್ದೆ ಮಾಡಿ ಉಜ್ಜಿ ನೋಡಿ. ಕುರಿಯ ಸಹಜ ಕಪ್ಪು ಬಣ್ಣ ಬಿಡುವುದಿಲ್ಲ, ಮಣ್ಣುಬಣ್ಣದ ಕೊಳೆ ಮಾತ್ರ ಬರುತ್ತದೆ. ಕಡುಕಪ್ಪು ಇಳಿದರೆ ಬಣ್ಣ ಹಾಕಿದ್ದಾರೆ ಎಂದರ್ಥ.

ಉಣ್ಣೆ ಕೆಡುವುದು ಹೆಚ್ಚಾಗಿ ಬಚ್ಚಲಲ್ಲಿ. ಎಳೆಯ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಪದರಗಳಿರುತ್ತವೆ. ಗೀಸರ್‌ನ ಬಿಸಿನೀರು, ಸೋಪಿನ ಕ್ಷಾರ, ಕೈಯ ಉಜ್ಜಾಟ ಮೂರೂ ಸೇರಿದರೆ ಪದರಗಳು ಒಂದಕ್ಕೊಂದು ಕಚ್ಚಿಕೊಂಡು ಸ್ವೆಟರ್ ಕುಗ್ಗಿ ದಪ್ಪ ಗಟ್ಟಿಯಾಗುತ್ತದೆ. ಹಾಗಾದದ್ದನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಮಾಮೂಲಿ ಡಿಟರ್ಜೆಂಟ್ ಪುಡಿಯಲ್ಲಿ ಎಷ್ಟೋ ಸಲ ಪ್ರೋಟೀನ್ ಕಲೆ ತೆಗೆಯುವ ಎನ್ಜೈಮ್ ಇರುತ್ತದೆ. ಉಣ್ಣೆಯೂ ಪ್ರೋಟೀನ್ ಆದ್ದರಿಂದ ಅದನ್ನೂ ತಿನ್ನುತ್ತದೆ. ಉಣ್ಣೆಗೆಂದೇ ಬರುವ ಲಿಕ್ವಿಡ್ ಆಗಬಹುದು, ಅಂಟುವಾಳಕಾಯಿ ಇನ್ನೂ ಒಳ್ಳೆಯದು. ಎಂಟು ಹತ್ತು ಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ಕುದಿಸಿ, ಸೋಸಿ, ಪೂರ್ತಿ ತಣಿದ ಮೇಲೆ ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಿ. ಸ್ವೆಟರನ್ನು ಹತ್ತು ನಿಮಿಷ ಮುಳುಗಿಸಿ ಅಮುಕಿ, ತಿಕ್ಕಬೇಡಿ, ಹಿಂಡಬೇಡಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಗಡಸುತನಕ್ಕೆ ಸೋಪಿನ ಜಿಡ್ಡು ಎಳೆಗೆ ಅಂಟಿ ಬಟ್ಟೆ ಮಂಕಾಗುತ್ತದೆ, ಕೊನೆಯ ಜಾಲಾಟಕ್ಕೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿದರೆ ಅದು ಬಿಡುತ್ತದೆ. ಆಮೇಲೆ ಒಣ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ ಒಣಗಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿಗೆ ಬರುತ್ತದೆ.

ಎತ್ತಿಡುವಾಗ ಎರಡು ಶತ್ರುಗಳು, ಬೂಷ್ಟು ಮತ್ತು ನುಸಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡೂ ಕೈಗೆ ಒಣಗಿದಂತೆಯೇ ಇರುತ್ತದೆ, ಆದ್ದರಿಂದ ಜುಲೈನಲ್ಲಿ ಒಗೆದು ನೇರ ಪ್ಲಾಸ್ಟಿಕ್ ಕವರಿಗೆ ತುಂಬಬೇಡಿ. ಇನ್ನು ನುಸಿ: ಹಾರುವ ಚಿಟ್ಟೆ ತಿನ್ನುವುದಿಲ್ಲ, ತಿನ್ನುವುದು ಅದರ ಮರಿಹುಳ. ಬೆವರು, ಸಾರಿನ ಕಲೆ ಇದ್ದ ಜಾಗದಿಂದಲೇ ಶುರುಮಾಡುತ್ತದೆ. ಒಗೆಯದೆ ಎತ್ತಿಟ್ಟ ಶಾಲಿನಲ್ಲಿ ತೂತು ಕುತ್ತಿಗೆಯ ಬಳಿ ಬೀಳುವುದು ಅದಕ್ಕೆ. ತೂತು ಕಂಡಾಗಲೇ ಬಟ್ಟೆಯನ್ನು ಗಾಳಿಯಾಡದ ಕವರಿಗೆ ಹಾಕಿ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಮಾಮೂಲಿ ಬಿಸಿಗೆ ಬರುವ ತನಕ ಕವರ್ ಬಿಚ್ಚಬೇಡಿ, ಬಿಚ್ಚಿದರೆ ಹೊರಗಿನ ಗಾಳಿಯ ತೇವ ಬಟ್ಟೆಗೆ ಕೂರುತ್ತದೆ. ಬೇವಿನ ಎಲೆ, ಲವಂಗ ಇಡುವುದಕ್ಕೆ ಅಡ್ಡಿಯಿಲ್ಲ, ಆದರೆ ಒಳಗೆ ಹುಟ್ಟಿದ ಹುಳವನ್ನು ಅವು ಕೊಲ್ಲುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ನ್ಯಾಫ್ತಲೀನಿನ ನುಸಿಗುಳಿಗೆ ಕೊಲ್ಲುತ್ತದೆ ನಿಜ, ಆದರೆ ಎಳೆಮಕ್ಕಳ ಟೋಪಿ, ಸ್ವೆಟರ್, ಹೊದಿಕೆಯ ಜೊತೆ ಅದನ್ನು ಖಂಡಿತ ಇಡಬೇಡಿ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಎನ್ಜೈಮಿನ ಕೊರತೆ ಹುಟ್ಟಿನಿಂದಲೇ ಇರುವ ಮಗುವಿಗೆ ಬಟ್ಟೆಯಲ್ಲಿ ಉಳಿದ ನ್ಯಾಫ್ತಲೀನ್ ಆವಿಯಿಂದಲೇ ಕೆಂಪು ರಕ್ತಕಣಗಳು ಒಡೆಯಬಹುದು, ಮತ್ತು ಆ ಕೊರತೆ ಇದೆಯೆಂದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.