ಗ್ಯಾರೇಜಿನಲ್ಲಿ ಸಿಕ್ಕ ಇಕ್ಕಳದಂಥದ್ದು

ಗ್ಯಾರೇಜಿನ ಹಳೆಯ ಡಬ್ಬಿಯ ತಳದಲ್ಲಿ ಇವತ್ತು ಇಕ್ಕಳದಂಥ ಒಂದು ವಸ್ತು ಸಿಕ್ಕಿತು.
ಆದರೆ ಅದು ಏನನ್ನೂ ಕಚ್ಚಿ ಹಿಡಿಯುವುದಿಲ್ಲ. ಹಿಡಿ ಅದುಮಿದರೆ ಬಾಯಿಂದ ಪುಟ್ಟ ಉಕ್ಕಿನ ಕಡ್ಡಿಯೊಂದು ಮುಂದೆ ಬರುತ್ತದೆ, ಬಿಟ್ಟರೆ ಒಳಗೆ ಹೋಗುತ್ತದೆ. ಎದುರಿಗೆ ತಿರುಗಿಸಬಹುದಾದ ಒಂದು ಬಿಲ್ಲೆ. ಅದರ ಅಂಚಿನ ಸುತ್ತ 4ರಿಂದ 12ರವರೆಗೆ ಅಂಕಿಗಳು.

ಆ ಅಂಕಿಗಳೇ ಗುಟ್ಟು ಬಿಟ್ಟುಕೊಟ್ಟವು. ಗರಗಸದಲ್ಲಿ ಇಂಚಿಗೆ ಎಷ್ಟು ಹಲ್ಲು ಎಂಬ ಲೆಕ್ಕ ಅದು.
ಇದು ಗರಗಸದ ಹಲ್ಲು ಬಾಗಿಸುವ ಸಾಧನ!
ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ, ಕೂದಲೆಳೆಯಷ್ಟು. ಹಾಗೆ ಬಾಗಿದ್ದರೆ ಕೊಯ್ದ ಸೀಳು ಅಲಗಿಗಿಂತ ತುಸು ಅಗಲವಾಗುತ್ತದೆ, ಗರಗಸ ಮರದೊಳಗೆ ಸಿಕ್ಕಿಕೊಳ್ಳುವುದಿಲ್ಲ. ಹಸಿ ಮರಕ್ಕೆ ಬಾಗು ಹೆಚ್ಚು ಬೇಕು, ಒಣ ಮರಕ್ಕೆ ಕಡಿಮೆ ಸಾಕು.

ಕೂತು ಒಂದೊಂದೇ ಹಲ್ಲನ್ನು ಸರಿಪಡಿಸುತ್ತಿದ್ದವರ ತಾಳ್ಮೆ ನೆನೆದು ಗೌರವ ಮೂಡಿತು. ಈಗಿನ ಎಷ್ಟೋ ಗರಗಸಗಳ ಹಲ್ಲುಗಳನ್ನು ಕಾಯಿಸಿ ಗಡುಸು ಮಾಡಿರುತ್ತಾರೆ. ಅರ ಉಜ್ಜಿದರೂ ಹತ್ತುವುದಿಲ್ಲ, ಬಾಗಿಸಹೋದರೆ ಮುರಿಯುತ್ತವೆ. ಮೊಂಡಾದರೆ ಎಸೆಯುವುದೇ. ನನಗದು ಒಪ್ಪಿಗೆಯಿಲ್ಲ.

ಅರ ಹಾಕಿ ಹರಿತಗೊಳಿಸಬಹುದಾದ ಹಳೆಯ ಗರಗಸ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಎಸೆಯಬೇಡಿ, ನನಗೆ ಕೊಡಿ.