ಎಲೆ ಬಿಡಲೊಲ್ಲದ ಯಕ್ಷ: ಕೆಲಸ ಎಲ್ಲಿಗೆ ಬಂತು

ಮಾಯಾಕಾಡಿನ ದೃಶ್ಯಕ್ಕೆಂದು ನಾನು ಮಾಡುತ್ತಿರುವ ಮರದ ಯಕ್ಷನ ಗೊಂಬೆಗೆ ಅಂತೂ ಮುಖ ಬಂದಿದೆ. ತಂತಿಯ ಚೌಕಟ್ಟು, ಅದರ ಮೇಲೆ ಮುದ್ದೆ ಮಾಡಿ ಒತ್ತಿದ ಅಲ್ಯೂಮಿನಿಯಂ ಹಾಳೆ, ಹೊರಗೆ ಪಾಲಿಮರ್ ಕ್ಲೇಯ (ಬೇಯಿಸಿದರೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿಯ) ಪದರ, ಇಷ್ಟು ಹಿಂದೆಯೇ ಮುಗಿದಿತ್ತು.

ಮಾಯಾಕಾಡಿನ ಯಕ್ಷ ಎಂದೊಡನೆ ಎಲ್ಲರ ಕೈಯೂ ಬಿರುಕು ತೊಗಟೆಯ, ಪಾಚಿ ಗಡ್ಡದ ಮುದುಕನತ್ತಲೇ ಹೋಗುತ್ತದೆ. ನನಗಂತೂ ಆ ಮುದುಕ ಸಾಕಾಗಿದ್ದಾನೆ. ನನ್ನವನು ಬೀಚ್ (beech) ಎಂಬ ಚಳಿನಾಡಿನ ಮರದವನು. ಬೀಚ್ ತೊಗಟೆ ಎಷ್ಟು ವಯಸ್ಸಾದರೂ ಬಹುಮಟ್ಟಿಗೆ ನುಣುಪು, ಬೂದು ಬಣ್ಣ. ಕೊಂಬೆ ಕಳಚಿದ ಜಾಗದಲ್ಲಿ ಉಳಿಯುವ ಗುರುತು ಥೇಟ್ ಕಣ್ಣು. ಅದರ ಮೇಲಿಂದ ಎರಡೂ ಬದಿಗೆ ಇಳಿಬಿದ್ದ ಮಡಿಕೆಯೇ ಹುಬ್ಬು. ಮರವೇ ಇಷ್ಟು ಕೊಟ್ಟಿರುವಾಗ ನಾನು ಕಲ್ಪಿಸಬೇಕಾದದ್ದು ಮೂಗು ಮಾತ್ರ. ಒಂದು ಕಣ್ಣನ್ನು ತುಸು ಮೇಲಕ್ಕೆ ಕೂರಿಸಿದೆ. ತಕ್ಷಣ ಮುಖಕ್ಕೆ ಕಿಡಿಗೇಡಿಯ ಕಳೆ ಬಂತು. ಬೆರಳ ತುದಿಗಳಿಗೆ ಬೀಚ್ ಮೊಗ್ಗಿನ ಆಕಾರ: ಉದ್ದ, ಸಪೂರ, ಚೂಪು.

ಅವನ ಸ್ವಭಾವವೂ ಮರದಿಂದಲೇ ಬಂದದ್ದು. ಎಳೆಯ ಬೀಚ್ ಮರಗಳು ಒಣಗಿದ ಎಲೆಗಳನ್ನು ಚಳಿಗಾಲವಿಡೀ ಉದುರಿಸದೆ ಹಿಡಿದುಕೊಂಡಿರುತ್ತವೆ. ತೊಟ್ಟಿನ ಬುಡದಲ್ಲಿ ಎಲೆಯನ್ನು ಕಳಚುವ ಕೋಶಗಳ ಪದರ ಸರಿಯಾಗಿ ಬೆಳೆಯದಿರುವುದೇ ಇದಕ್ಕೆ ಕಾರಣ. ಹಾಗಾಗಿ ಕಾಡೆಲ್ಲ ಬೋಳಾದರೂ ಇವನು ತನ್ನ ತಾಮ್ರದ ಬಣ್ಣದ ಎಲೆಗಳನ್ನು ಎದೆಗವಚಿಕೊಂಡು ನಿಂತ ಜಿಪುಣ. ಗಾಳಿ ಕೇಳಿದರೂ ಕೊಡುವುದಿಲ್ಲ.

ಸುತ್ತಲಿನ ಮೇಪಲ್ ಎಲೆಗಳ ಬಣ್ಣಕ್ಕೂ ಒಂದು ಲೆಕ್ಕ ಹಾಕಿಕೊಂಡಿದ್ದೇನೆ. ಹಳದಿ ಎಂಬುದು ಎಲೆಯಲ್ಲಿ ಮೊದಲಿನಿಂದಲೂ ಇರುವ ಬಣ್ಣ. ಹಸಿರು ಕೊಡುವ ಪತ್ರಹರಿತ್ತು ಕರಗಿದಾಗ ಕೆರೋಟಿನಾಯ್ಡುಗಳೆಂಬ ಆ ಹಳದಿ ವರ್ಣದ್ರವ್ಯಗಳು ಹೊರಗೆ ಕಾಣುತ್ತವೆ. ಕೆಂಪು ಹಾಗಲ್ಲ, ಅದನ್ನು ಕೊಡುವ ಆಂಥೋಸಯನಿನ್ ಬಹುಪಾಲು ಶರತ್ಕಾಲದಲ್ಲೇ ಹೊಸದಾಗಿ ತಯಾರಾಗುತ್ತದೆ, ಬಿಸಿಲು ಬಿದ್ದಷ್ಟೂ ಹೆಚ್ಚು. ಆದ್ದರಿಂದ ದೀಪ ಇಡುವ ಎಡಬದಿಯ ಎಲೆಗಳಿಗೆ ಕಡುಗೆಂಪು, ನೆರಳಿನ ಬದಿಗೆ ಹಳದಿ. ಎರಡನ್ನೂ ಕಲಸಿ ಎಲ್ಲ ಕಡೆ ಎರಚಿದರೆ ಕಾಡು ಹೋಗಿ ಜಾತ್ರೆಯ ತೋರಣವಾಗುತ್ತದೆ.

ಎಲೆಗಳೆಲ್ಲ ಕಾಗದದವು. ಮೊದಲು ಜಲವರ್ಣ, ಆಮೇಲೆ ಕತ್ತರಿ, ಕೊನೆಗೆ ನಡುನರದ ಗುಂಟ ಉಗುರಿನಿಂದ ಒಂದು ಗೀರು. ಆ ಗೀರು ಬಿದ್ದರೆ ಅಂಚು ತಾನಾಗಿ ಸುರುಳಿಕೊಳ್ಳುತ್ತದೆ.

ಮುಂದಿನದು ಬೇಯಿಸುವ ಕೆಲಸ. ಕ್ಲೇ ಪೊಟ್ಟಣದ ಮೇಲೆ 130 ಡಿಗ್ರಿ ಸೆಲ್ಸಿಯಸ್ ಎಂದಿದೆ. ಸಪೂರ ಬೆರಳುಗಳು ಕಂದದಂತೆ ಅವುಗಳ ಮೇಲೆ ಅಲ್ಯೂಮಿನಿಯಂ ಹಾಳೆಯ ಮುಸುಕು ಹಾಕುತ್ತೇನೆ. ತಣಿದ ಮೇಲೆ ನೀರಾದ ಕಂದು ಅಕ್ರಿಲಿಕ್ ಬಳಿದು ಒರೆಸಿದರೆ ಹುಬ್ಬಿನ ಮಡಿಕೆಗಳಲ್ಲಿ ಮಾತ್ರ ಬಣ್ಣ ನಿಲ್ಲುತ್ತದೆ. ನೆಲದ ತರಗೆಲೆ ಕೊನೆಗೆ. ಅದರಲ್ಲಿ ಮೇಪಲ್, ಬರ್ಚ್ ಎಲ್ಲವೂ ಇರುತ್ತವೆ. ಬೀಚ್ ಎಲೆ ಒಂದೂ ಇರಕೂಡದು.